ಗೂಡಿನ ಎಳೆಯಿಂದ ಗಾಲಿ ಬ್ಯಾಗಿನವರೆಗೆ

ಪ್ಯಾರಾಚೂಟು ಹೊತ್ತೊಯ್ಯಲು ದೊಡ್ಡ ಟ್ರಾಲಿ ಬ್ಯಾಗ್ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಚೀಟಿಯ ಮೇಲಿನ ಒಂದು ಅಂಕಿ. 600 ಡಿ, 1000 ಡಿ, 1680 ಡಿ. ಇದು ಡೆನಿಯರ್ ಲೆಕ್ಕ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರಿನ ನೂಲು. ಸ್ಕೈಡೈವಿಂಗಿಗೆ ಹೊಸದಾಗಿ ಕಾಲಿಟ್ಟ ಹುಡುಗ ಹುಡುಗಿಯರಿಗೆ ಈ ಅಂಕಿ ಅಪರಿಚಿತ. ತಿರುಮಕೂಡಲು ನರಸೀಪುರದ ರೇಷ್ಮೆ ಫಿಲೇಚರಿನಲ್ಲಿ, ಅಂದರೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ದುಡಿದವರಿಗೆ ಮಾತ್ರ ಇದು ದಿನನಿತ್ಯದ ಮಾತು. ಬಿಸಿನೀರಿನಲ್ಲಿ ಬೆಂದ ಎಂಟು ಹತ್ತು ಗೂಡುಗಳ ಎಳೆ ಹಿಡಿದು, ಒಂದಾಗಿ ಸೆಳೆದು, 20–22 ಡೆನಿಯರಿನ ನೂಲು ತೆಗೆಯುವುದು ಅವರ ಕಸುಬು. ಡೆನಿಯರ್ ಹುಟ್ಟಿದ್ದೇ ರೇಷ್ಮೆಯನ್ನು ಅಳೆಯಲು. ನೈಲಾನು ಆಮೇಲೆ ಬಂದು ಅದೇ ಅಳತೆಗೋಲಿಗೆ ಒಳಪಟ್ಟಿತು.

ಸೋಮನಾಥಪುರದ ಕೇಶವ ದೇಗುಲ ನೋಡಲು ಬಂದವರು ದಕ್ಷಿಣಕ್ಕೆ ಹತ್ತು ಕಿಲೋಮೀಟರಿನಷ್ಟು ಸಾಗಿದರೆ ನರಸೀಪುರ, ಕಾವೇರಿ ಕಪಿಲೆಯರ ಸಂಗಮ. ಕಪಿಲೆಯ ದಡ ಹಿಡಿದು ಮೇಲಕ್ಕೆ ಹೋದರೆ ನಂಜನಗೂಡು. ಅಲ್ಲಿಂದ ಮೈಸೂರಿನ ಹಾದಿಯಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ. ಚಾಮುಂಡಿ ಬೆಟ್ಟದ ಸೀಮೆಯಲ್ಲಿ ಜನ ವಿಮಾನದಿಂದ ಧುಮುಕಿದ್ದು ಈ ನಿಲ್ದಾಣದ ನೆತ್ತಿಯ ಮೇಲೆ. ಪ್ಯಾರಾಚೂಟಿನ ನೂಲಿನ ಕಥೆಯ ಒಂದು ತುದಿ ನರಸೀಪುರದ ಕಡೆಗಿದೆ, ಇನ್ನೊಂದು ತುದಿ ಮಂಡಕಳ್ಳಿಯಲ್ಲಿದೆ. ನಡುವೆ ಒಂದು ಮಹಾಯುದ್ಧವಿದೆ.

ಮೊದಲು ಯುದ್ಧದ ಮಾತು. ಪ್ಯಾರಾಚೂಟಿಗೆ ರೇಷ್ಮೆಯೇ ಬೇಕೆನ್ನಲು ಕಾರಣಗಳಿದ್ದವು. ಹಗುರ, ಬಲ, ತುಸು ಜಗ್ಗುವ ಗುಣ. ಎಲ್ಲಕ್ಕಿಂತ ಮಿಗಿಲಾಗಿ, ಎಷ್ಟು ಮಡಿಸಿದರೂ ಚಿಕ್ಕದಾಗಿ ಅಡಗಿ, ಬಿಟ್ಟೊಡನೆ ಅರಳುವ ಗುಣ. ಜಗತ್ತಿಗೆ ರೇಷ್ಮೆ ಕೊಡುತ್ತಿದ್ದುದು ಹೆಚ್ಚಾಗಿ ಜಪಾನ್. 1941ರ ಡಿಸೆಂಬರಿನಲ್ಲಿ ಆ ದೇಶವೇ ಶತ್ರುವಾದಾಗ ಬ್ರಿಟಿಷರ ಕಣ್ಣು ಮೈಸೂರು ಮತ್ತು ಕಾಶ್ಮೀರದ ರೇಷ್ಮೆಯ ಮೇಲೆ ಬಿತ್ತು. ಟಿಪ್ಪುವಿನ ಕಾಲದಿಂದ ಹಿಪ್ಪುನೇರಳೆ ಬೆಳೆಸಿಕೊಂಡು ಬಂದ ಸಂಸ್ಥಾನ ನಮ್ಮದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯೂ ಶುರುವಾಗಿತ್ತು. ಆದರೆ ಹಳ್ಳಿಯ ಚರಕದಲ್ಲಿ ತೆಗೆದ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸೀರೆಗೆ ಅದು ಸಾಕು. ಮನುಷ್ಯನ ಜೀವ ತೂಗುವ ಬಟ್ಟೆಗೆ ಸಾಲದು. ನೂಲು ಉದ್ದಕ್ಕೂ ಒಂದೇ ಸಮನಾಗಿರಬೇಕು, ತೆಳುವಾದ ಜಾಗದಲ್ಲೇ ಬಟ್ಟೆ ಸೀಳುತ್ತದೆ. ಅದಕ್ಕಾಗಿ ಫಿಲೇಚರ್ ನೂಲು ಬೇಕಾಯಿತು, ಸಂಸ್ಥಾನದಲ್ಲಿ ಅದರ ಉತ್ಪಾದನೆಗೆ ಯುದ್ಧ ಒತ್ತು ಕೊಟ್ಟಿತು. ಮೈಸೂರು ಸೀಮೆಯ ಗೂಡಿನ ಎಳೆ ಪ್ಯಾರಾಚೂಟ್ ಬಟ್ಟೆಯಾದ ಬಗೆ ಇದು.

ಅದೇ 1941ರಲ್ಲಿ ಕಾನ್ಪುರದಲ್ಲಿ ಪ್ಯಾರಾಚೂಟ್ ಕಾರ್ಖಾನೆ ಹುಟ್ಟಿತು. 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡು ಕಟ್ಟಿದ್ದೂ ಆ ವರ್ಷವೇ. ಆದರೂ ಬಟ್ಟೆಯ ಅಭಾವ ನೀಗಲಿಲ್ಲ. 1944ರ ಬರ್ಮಾ ಯುದ್ಧದಲ್ಲಿ ಜನರಲ್ ವಿಲಿಯಂ ಸ್ಲಿಮ್, ಕಾಡಿನ ಸೈನಿಕರಿಗೆ ಆಹಾರ, ಮದ್ದುಗುಂಡು ಇಳಿಸಲು ಕಲ್ಕತ್ತದ ಸೆಣಬಿನ ಗಿರಣಿಗಳಿಂದ ಗೋಣಿಬಟ್ಟೆಯ ಪ್ಯಾರಾಚೂಟು ಮಾಡಿಸಬೇಕಾಯಿತು. ಸರಕಿಗೆ ಸೆಣಬು ನಡೆಯಿತು, ಮನುಷ್ಯನಿಗೆ ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಬೇರೊಂದು ನೂಲು ಸಿದ್ಧವಾಗಿತ್ತು. ಡ್ಯೂಪಾಂಟ್ ಕಂಪನಿ 1938ರಲ್ಲಿ ಪ್ರಕಟಿಸಿದ ನೈಲಾನ್. 1942ರ ಜೂನಿನಲ್ಲಿ ಅಡೆಲಿನ್ ಗ್ರೇ ಎಂಬ ಯುವತಿ ನೈಲಾನ್ ಪ್ಯಾರಾಚೂಟು ಕಟ್ಟಿಕೊಂಡು ಕನೆಕ್ಟಿಕಟ್‌ನಲ್ಲಿ ಧುಮುಕಿ, ಅದು ಕೆಲಸ ಮಾಡುತ್ತದೆಂದು ತೋರಿಸಿದರು. ನೈಲಾನಿಗೆ ಬೂಷ್ಟು ಹಿಡಿಯದು, ಹುಳು ತಿನ್ನದು, ಬೆಲೆಯೂ ಕಡಿಮೆ. ಯುದ್ಧ ಮುಗಿಯುವ ವೇಳೆಗೆ ಪ್ಯಾರಾಚೂಟಿನ ಲೋಕದಲ್ಲಿ ರೇಷ್ಮೆಯ ಕಾಲ ಮುಗಿದಿತ್ತು. ನಮ್ಮ ನೂಲು ಬಿಚ್ಚುವವರು ಸೀರೆಗೆ ಮರಳಿದರು. 1980ರಲ್ಲಿ ಹುಟ್ಟಿದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಕೆಳಗೆ ನರಸೀಪುರದ ನೂಲು ಇಂದು ಮೈಸೂರು ಸಿಲ್ಕ್ ಸೀರೆಯಾಗುತ್ತಿದೆ. ಆದರೆ ಸಮನಾದ ನೂಲು, ಸರಿಯಾದ ಡೆನಿಯರು ಎಂಬ ಶಿಸ್ತು ನೈಲಾನಿಗೂ ದಾಟಿತು. ಪ್ಯಾರಾಚೂಟಿನ ಕ್ಯಾನೊಪಿಗೆ, ಅಂದರೆ ಗಾಳಿಯಲ್ಲಿ ಅರಳುವ ಬಟ್ಟೆಗೆ, ಬಳಸುವ ರಿಪ್‌ಸ್ಟಾಪ್ ನೈಲಾನ್ ಸುಮಾರು 30 ಡೆನಿಯರಿನದು, ಅಂದರೆ ಫಿಲೇಚರ್ ರೇಷ್ಮೆಯ ನೆರೆಯವನೇ. ಅದನ್ನು ಹೊರುವ ಬ್ಯಾಗಿನ ಬಟ್ಟೆ 1000 ಡೆನಿಯರಿನದು. ಒಳಗಿರುವುದು ಅಷ್ಟು ನಾಜೂಕು, ಹೊರಗಿನದು ಅಷ್ಟು ಒರಟು. ಬ್ಯಾಗು ಆರಿಸುವಾಗ ಮನಸ್ಸಿನಲ್ಲಿಡಬೇಕಾದದ್ದು ಈ ಅಂತರವನ್ನೇ.

ಧುಮುಕುವವನ ಬೆನ್ನ ಮೇಲಿರುವುದೂ ಒಂದು ಚೀಲವೇ. 1797ರಲ್ಲಿ ಪ್ಯಾರಿಸಿನ ಮೇಲೆ ಬಲೂನಿನಿಂದ ಇಳಿದ ಗಾರ್ನೆರಿನ್‌ನ ಪ್ಯಾರಾಚೂಟು ಮುಚ್ಚಿದ ಕೊಡೆಯಂತೆ ಬಲೂನಿಗೆ ತೂಗಿಕೊಂಡಿತ್ತು. ಅದನ್ನು ಮಡಿಸಿ ಚೀಲಕ್ಕೆ ತುಂಬಿ ಬೆನ್ನಿಗೇರಿಸಲು ನೂರು ವರ್ಷಕ್ಕೂ ಮೇಲೆ ಬೇಕಾಯಿತು. 1911ರಲ್ಲಿ ರಷ್ಯಾದ ಗ್ಲೆಬ್ ಕೊತೆಲ್ನಿಕೋವ್ ಬೆನ್ನುಚೀಲದ ಪ್ಯಾರಾಚೂಟು ರೂಪಿಸಿದ. 1919ರ ಏಪ್ರಿಲಿನಲ್ಲಿ ಅಮೆರಿಕದ ಲೆಸ್ಲಿ ಇರ್ವಿನ್ ವಿಮಾನದಿಂದ ಹಾರಿ, ಗಾಳಿಯಲ್ಲಿ ತಾನೇ ಹಿಡಿ ಎಳೆದು ಪ್ಯಾರಾಚೂಟು ಬಿಚ್ಚಿದ. ಇಂದಿನ ರಿಗ್ಗಿನಲ್ಲಿ, ಅಂದರೆ ಧುಮುಕುವವರು ಬೆನ್ನಿಗೆ ತೊಡುವ ಇಡೀ ಸಜ್ಜಿನಲ್ಲಿ, ಕ್ಯಾನೊಪಿ ಒಂದು ಪುಟ್ಟ ಚೀಲದಲ್ಲಿ ಅಡಗಿರುತ್ತದೆ, ಆ ಚೀಲ ಬೆನ್ನಿನ ಕಂಟೇನರಿನೊಳಗೆ, ಆ ಕಂಟೇನರು ಟ್ರಾಲಿ ಬ್ಯಾಗಿನೊಳಗೆ. ಮೊದಲೆರಡು ಚೀಲಗಳನ್ನು ಪರಿಣತರು ಇಂಚಿಂಚೂ ಲೆಕ್ಕ ಹಾಕಿ ಹೊಲಿಯುತ್ತಾರೆ. ಮೂರನೆಯದು ಅಂಗಡಿಯಲ್ಲಿ ಕಂಡಂತೆ ಕೊಂಡುಬಿಡುವ ವಸ್ತುವಾಗಿದೆ. ಇದು ಸರಿಯಲ್ಲ.

ಆ ಮೂರನೆಯ ಚೀಲದ ಮೂಲವೂ ಯುದ್ಧವೇ. ಅಮೆರಿಕದ ವಾಯುದಳ ಪೈಲಟುಗಳಿಗೆ ಕೊಟ್ಟ ಕ್ಯಾನ್ವಾಸಿನ ಕಿಟ್ ಬ್ಯಾಗಿಗೆ ಪ್ಯಾರಾಚೂಟು ತುರುಕಿ ಹೆಗಲಿಗೇರಿಸುತ್ತಿದ್ದರು. ಯುದ್ಧಾನಂತರ ಮಿಕ್ಕ ಪ್ಯಾರಾಚೂಟುಗಳು ಅಗ್ಗಕ್ಕೆ ಸಿಕ್ಕಾಗ ಧುಮುಕುವುದು ಕ್ರೀಡೆಯಾಗಿ ಬೆಳೆಯಿತು. 1951ರಲ್ಲಿ ಯುಗೊಸ್ಲಾವಿಯದಲ್ಲಿ ಮೊದಲ ವಿಶ್ವ ಸ್ಪರ್ಧೆಯೂ ನಡೆಯಿತು. ಆಗಲೂ ಹೆಗಲ ಚೀಲವೇ ಗತಿ.

ಗಾಲಿ ಬಂದದ್ದು ತೀರ ತಡವಾಗಿ. 1970ರಲ್ಲಿ ಅಮೆರಿಕದ ಬರ್ನಾರ್ಡ್ ಸ್ಯಾಡೊ ರಜೆ ಮುಗಿಸಿ ಅರೂಬಾ ದ್ವೀಪದಿಂದ ಮರಳುವಾಗ, ಎರಡು ಭಾರದ ಸೂಟ್‌ಕೇಸು ಹೊತ್ತು ಬೆವರುತ್ತ, ಪಕ್ಕದಲ್ಲೇ ಕೆಲಸಗಾರನೊಬ್ಬ ಭಾರಿ ಯಂತ್ರವನ್ನು ಗಾಲಿಯ ಹಲಗೆಯ ಮೇಲೆ ಸಲೀಸಾಗಿ ತಳ್ಳುವುದನ್ನು ಕಂಡ. ಸೂಟ್‌ಕೇಸಿಗೆ ನಾಲ್ಕು ಗಾಲಿ, ಒಂದು ಪಟ್ಟಿ ಹಾಕಿದ. 1972ರಲ್ಲಿ ಪೇಟೆಂಟು ಸಿಕ್ಕಿತು. ಆದರೆ ಮಲಗಿಸಿ ಪಟ್ಟಿ ಹಿಡಿದು ಎಳೆಯುವ ಆ ಪೆಟ್ಟಿಗೆ ತಿರುವಿನಲ್ಲಿ ವಾಲಿ ಬೀಳುತ್ತಿತ್ತು. 1987ರಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಪೈಲಟ್ ರಾಬರ್ಟ್ ಪ್ಲಾತ್ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡೇ ಗಾಲಿ, ಹೊರಕ್ಕೆ ಎಳೆಯುವ ಉದ್ದ ಹಿಡಿ ಹಾಕಿದ. ಇಂದು ನಾವು ಟ್ರಾಲಿ ಬ್ಯಾಗ್ ಎನ್ನುವುದು ಅದನ್ನೇ. ಆ ಎರಡು ಗಾಲಿ ಆಮೇಲೆ ಬಟ್ಟೆಯ ಡಫಲ್ ಬ್ಯಾಗಿನ ತಳಕ್ಕೂ ಇಳಿದಾಗ ಸ್ಕೈಡೈವರುಗಳ ಹೆಗಲಿಗೆ ಬಿಡುವು ಸಿಕ್ಕಿತು.

ನಮ್ಮ ಕಡೆಗೆ ಬರೋಣ. ಮೈಸೂರು ವಿಮಾನ ನಿಲ್ದಾಣ ನವೀಕರಣಗೊಂಡು 2010ರಲ್ಲಿ ತೆರೆಯಿತು. 1,740 ಮೀಟರಿನ ರನ್‌ವೇ ದೊಡ್ಡ ಜೆಟ್ಟುಗಳಿಗೆ ಗಿಡ್ಡ, ಧುಮುಕುವವರನ್ನು ಒಯ್ಯುವ ಸಣ್ಣ ಸೆಸ್ನಾ ವಿಮಾನಕ್ಕೆ ಧಾರಾಳ. ಆ ದಶಕದಲ್ಲಿ ಇಲ್ಲಿ ಸ್ಕೈಡೈವಿಂಗ್ ಶಿಬಿರಗಳು ನಡೆದವು. ಬೆಂಗಳೂರಿನ ಯುವಕರು ವಾರಾಂತ್ಯಕ್ಕೆ ಬಂದು, ನೆಲದ ಮೇಲೆ ತರಬೇತಿ ಪಡೆದು, ಶಿಕ್ಷಕರ ಎದೆಗೆ ಕಟ್ಟಿಸಿಕೊಂಡು ಧುಮುಕಿದರು. ದಸರೆಯ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಯ ಆಕಾಶಗಂಗಾ ತಂಡ ಬನ್ನಿಮಂಟಪದ ಮೈದಾನಕ್ಕೆ ಇಳಿದದ್ದನ್ನು ನೋಡಿ ಕತ್ತು ನೋಯಿಸಿಕೊಂಡ ಮಕ್ಕಳು ಈಗ ಕಾಲೇಜು ಮುಗಿಸಿದ್ದಾರೆ. ಕೇಂದ್ರ ಸರ್ಕಾರ 2022ರಲ್ಲಿ ವಾಯುಕ್ರೀಡೆಗೆಂದೇ ರಾಷ್ಟ್ರೀಯ ನೀತಿಯನ್ನೂ ತಂದಿತು. ಆ ಮಕ್ಕಳಲ್ಲಿ ಕೆಲವರಾದರೂ ಸ್ವಂತ ರಿಗ್ಗು ಕೊಂಡು ಹರಿಯಾಣದ ನಾರ್ನೌಲಿಗೋ ದುಬೈಗೋ ಥಾಯ್ಲೆಂಡಿಗೋ ಹೋಗುವವರು. ಅವರಿಗಾಗಿ ಮುಂದಿನ ಮಾತು.

ಸ್ವಂತ ರಿಗ್ಗು ಸುಮಾರು ಹತ್ತು ಕೆಜಿ ತೂಗುತ್ತದೆ. ಹೆಲ್ಮೆಟ್ಟು, ಜಂಪ್‌ಸೂಟು, ಎತ್ತರಮಾಪಕ ಬೇರೆ. ಹೊರದೇಶದ ಡೈವರುಗಳು ರಿಗ್ಗನ್ನು ವಿಮಾನದೊಳಗೆ ಕೈಯಲ್ಲೇ ಒಯ್ಯಿರಿ ಎಂದು ಸಲಹೆ ಕೊಡುತ್ತಾರೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕೆಜಿ. ಹಾಗಾಗಿ ಇಲ್ಲಿನವರ ಜೀವರಕ್ಷಕ ಬಟ್ಟೆ ಹೆಚ್ಚಾಗಿ ಲಗೇಜಿನ ಬೆಲ್ಟಿನ ಮೇಲೆಯೇ ಹೋಗುವುದು, ಅಲ್ಲಿ ಎತ್ತಿ ಒಗೆಯುತ್ತಾರೆ. ಚೆಕ್‌ಇನ್ ಮಿತಿಯೂ ಬಹುತೇಕ 15 ಕೆಜಿ. ಖಾಲಿ ಬ್ಯಾಗೇ ಐದು ಕೆಜಿ ತೂಗಿದರೆ ಹೆಲ್ಮೆಟ್ಟಿಗೆ ಜಾಗ ಉಳಿಯದು. ಮೂರೂವರೆ ಕೆಜಿಯ ಒಳಗಿನದನ್ನು ಹುಡುಕಿ.

ಬಟ್ಟೆಯ ವಿಷಯಕ್ಕೆ ಬಂದರೆ, ದೊಡ್ಡ ಅಂಕಿಗೆ ಮರುಳಾಗಬೇಡಿ. ಡೆನಿಯರು ನೂಲಿನ ದಪ್ಪ ಹೇಳುತ್ತದೆ, ನೇಯ್ಗೆ ಎಷ್ಟು ಒತ್ತಾಗಿದೆ ಎಂಬುದನ್ನು ಹೇಳುವುದಿಲ್ಲ. 1680 ಡೆನಿಯರಿನ ಸಡಿಲ ಪಾಲಿಯೆಸ್ಟರಿಗಿಂತ 1000 ಡೆನಿಯರಿನ ಒತ್ತು ನೇಯ್ಗೆಯ ನೈಲಾನು, ಉದಾಹರಣೆಗೆ ಕಾರ್ಡುರಾ, ಉಜ್ಜಾಟವನ್ನು ಹೆಚ್ಚು ತಾಳುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಉಗುರಿನಿಂದ ಎಳೆ ಸರಿಸಿ ನೋಡಿ.

ಸೋಮನಾಥಪುರದ ದೇಗುಲದ ಗೋಡೆಯಲ್ಲಿ ರೂವಾರಿ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾನೆ. ಕೆಲಸ ಯಾರದೆಂದು ಏಳೂವರೆ ಶತಮಾನದ ಮೇಲೂ ಕೇಳಬೇಕಾಗಿಲ್ಲ. ರಿಸರ್ವ್ ಪ್ಯಾರಾಚೂಟನ್ನು, ಅಂದರೆ ಮೊದಲನೆಯದು ಕೈಕೊಟ್ಟಾಗ ಬಿಚ್ಚುವುದನ್ನು, ಮಡಿಸುವ ಪರಿಣತ, ರಿಗ್ಗರ್ ಕೂಡ ದಿನಾಂಕ ಬರೆದು, ಸಹಿ ಹಾಕಿ, ಮುದ್ರೆ ಒತ್ತುತ್ತಾನೆ. ಟ್ರಾಲಿ ಬ್ಯಾಗಿಗೆ ಯಾರ ಸಹಿಯೂ ಇಲ್ಲ. ಆದ್ದರಿಂದ ಹೊಲಿಗೆಯನ್ನು ಕೊಳ್ಳುವವರೇ ಓದಬೇಕು. ಬ್ಯಾಗನ್ನು ಒಳಮೈ ಹೊರಗೆ ಮಾಡಿ. ಹಿಡಿ ಮತ್ತು ತಳ ಕೂಡುವ ಮೂಲೆಗಳಲ್ಲಿ ಎರಡು ಸಾಲು ಹೊಲಿಗೆ, ಅಂಚಿಗೆ ಪಟ್ಟಿ, ಭಾರ ಬೀಳುವಲ್ಲಿ ಅಡ್ಡಡ್ಡ ಒತ್ತಾದ ಹೊಲಿಗೆ ಇರಬೇಕು. ದಾರದ ತುದಿಗಳು ಜೋತಾಡುತ್ತಿದ್ದರೆ ಅಲ್ಲೇ ಬಿಡಿ.

ಗಾಲಿಯೇ ಮೊದಲು ಸೋಲುವ ಅಂಗ. ವಿಮಾನ ನಿಲ್ದಾಣದ ನುಣುಪು ನೆಲದಲ್ಲಿ ಎಲ್ಲ ಗಾಲಿಯೂ ಓಡುತ್ತದೆ. ಧುಮುಕುವ ಬಯಲುಗಳಲ್ಲಿ ಜಲ್ಲಿ, ಹುಲ್ಲು, ಮಳೆ ಬಿದ್ದ ಎರೆಮಣ್ಣು. ನಾಲ್ಕು ಪುಟ್ಟ ಗಾಲಿಯ ಬ್ಯಾಗು ಇಲ್ಲಿ ಕೆಲಸಕ್ಕೆ ಬಾರದು. ಎರಡೇ ಇರಲಿ, ದೊಡ್ಡದಿರಲಿ, ಒಳಗೆ ಬೇರಿಂಗ್ ಇರಲಿ, ಮತ್ತು ರಿವೆಟ್ಟಿನ ಬದಲು ಬೋಲ್ಟಿನಲ್ಲಿ ಕೂತಿರಲಿ. ಬೋಲ್ಟಾದರೆ ನಮ್ಮೂರಿನ ಬ್ಯಾಗ್ ರಿಪೇರಿಯವರೇ ಬಿಚ್ಚಿ, ಸ್ಕೇಟಿನ ಗಾಲಿ ತಂದು ಕೂರಿಸಬಲ್ಲರು. ರಿವೆಟ್ಟಾದರೆ ಗಾಲಿ ಸವೆದ ದಿನವೇ ಬ್ಯಾಗಿನ ಕೊನೆ. ಬಾಳಿಕೆ ಎಂದರೆ ರಿಪೇರಿಗೆ ಒಗ್ಗುವ ಗುಣ ಎಂಬುದು ನನ್ನ ಗಟ್ಟಿ ನಂಬಿಕೆ.

ಸಾಮಾನ್ಯ ಪ್ರಯಾಣಿಕರಿಗೆ ಬೇಡದ, ಡೈವರುಗಳಿಗೆ ಬೇಕೇಬೇಕಾದ ಕೆಲವು ಸಂಗತಿಗಳಿವೆ. ಬ್ಯಾಗಿನೊಳಗೆ ವೆಲ್ಕ್ರೋದ ಮುಳ್ಳಿನ ಬದಿ ತೆರೆದಿರಕೂಡದು, ಅದು ಕ್ಯಾನೊಪಿಯ ದಾರ, ಬಟ್ಟೆ ಎರಡನ್ನೂ ಕೆರೆದು ಹಾಕುತ್ತದೆ. ಜಿಪ್ಪಿನ ಹಲ್ಲಿಗೆ ಒಳಗಡೆ ಬಟ್ಟೆಯ ಮರೆ ಇರಬೇಕು. ಎಳೆಯುವ ಹಿಡಿಯ ಕೊಳವೆಗಳು ತಳದ ಹಲಗೆಯ ಕೆಳಗಿರಬೇಕು, ರಿಗ್ಗಿಗೆ ಒತ್ತಬಾರದು. ಕೆಟ್ಟ ಕ್ಯಾನೊಪಿಯನ್ನು ಕಳಚುವ ಕಟ್‌ಅವೇ ಹಿಡಿ ಮತ್ತು ರಿಸರ್ವ್ ಹಿಡಿ ಯಾವುದಕ್ಕೂ ಸಿಕ್ಕಿಕೊಳ್ಳದಂತೆ ಮೈಗೆ ಬಿಗಿಯುವ ಪಟ್ಟಿಗಳನ್ನು ಒಳಮಡಿಸಿ ಇಡುವಷ್ಟು ಅಗಲ ಬೇಕು. ಬ್ಯಾಟರಿ, ಎಣ್ಣೆ, ಒದ್ದೆ ಶೂಗಳಿಗೆ ಬೇರೆಯೇ ಅರೆ ಬೇಕು, ನೈಲಾನಿಗೆ ಆಮ್ಲ ಆಗದು. ಬಿಸಿಲೂ ಆಗದು. ಅತಿನೇರಳೆ ಕಿರಣ ತಾಗಿದ ನೈಲಾನು ಕಣ್ಣಿಗೆ ಕಾಣದಂತೆ ಬಲಗುಂದುತ್ತದೆ. ಏಪ್ರಿಲಿನ ಮಧ್ಯಾಹ್ನ ರಿಗ್ಗನ್ನು ಬ್ಯಾಗಿನ ಹೊರಗೆ ಬಿಸಿಲಿಗೆ ಬಿಡುವ ಅಭ್ಯಾಸ ಇವತ್ತೇ ನಿಲ್ಲಲಿ.

ಇನ್ನೊಂದು ಮಾತು. ಪ್ರಜ್ಞೆ ತಪ್ಪಿದವರ ರಿಸರ್ವನ್ನು ತಾನೇ ತೆರೆಯುವ ಉಪಕರಣ, 1991ರಲ್ಲಿ ಜರ್ಮನಿಯಿಂದ ಬಂದ ಸೈಪ್ರೆಸ್ ಮತ್ತು ಅದರ ಬಗೆಯವು, ಈಗ ಬಹುತೇಕ ಎಲ್ಲ ರಿಗ್ಗಿನಲ್ಲೂ ಇದೆ. ಅದರೊಳಗೆ ಬ್ಯಾಟರಿಯೂ ದಾರ ಕತ್ತರಿಸುವ ಪುಟ್ಟ ಸಿಡಿಕವೂ ಇರುವುದರಿಂದ ಎಕ್ಸ್‌ರೇಯಲ್ಲಿ ಪ್ರಶ್ನೆ ಏಳುತ್ತದೆ. ತಯಾರಕರು ಕೊಡುವ ಕಾರ್ಡನ್ನು ಬ್ಯಾಗಿನ ಹೊರಜೇಬಿನಲ್ಲಿಡಿ, ಟಿಕೆಟ್ ಮಾಡುವಾಗಲೇ ವಿಮಾನ ಕಂಪನಿಯನ್ನು ಕೇಳಿ.

ಅಂಗಡಿಗೆ ಹೋಗುವಾಗ ರಿಗ್ಗು, ಹೆಲ್ಮೆಟ್ಟು ಎರಡನ್ನೂ ಜೊತೆಗೆ ಒಯ್ಯಿರಿ. ಒಳಗಿಟ್ಟು ಜಿಪ್ಪು ಹಾಕಿ, ಬಾಗಿಲಾಚೆಗಿನ ಮಣ್ಣುಹಾದಿಯಲ್ಲಿ ಒಂದಷ್ಟು ದೂರ ಎಳೆದು ನೋಡಿ, ಮೆಟ್ಟಿಲು ಇಳಿಸಿ ನೋಡಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.