ಮನೆ ಶೆಡ್‌ನ ಲೇತ್‌ಗೆ ಯಾವ ಡಯಲ್ ಇಂಡಿಕೇಟರ್ ತಗೊಳ್ಳಬೇಕು?

ಅಡಿಕೆಗೆ ಮದ್ದು ಬಿಡುವ ಸೀಸನ್ ಬಂತೆಂದರೆ ಪೆರ್ಲ, ಬದಿಯಡ್ಕ, ಅಡ್ಯನಡ್ಕ ಕಡೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಬೇರಿಂಗ್ ಕೇಳಿಕೊಂಡು ಬರುವವರು ಜಾಸ್ತಿ. ಹಾಗೆ ತೆಗೆದುಕೊಂಡು ಹೋದವರಲ್ಲಿ ಕೆಲವರು ಹದಿನೈದು ದಿನದಲ್ಲೇ ಮತ್ತೆ ಬಂದು, "ಇಚ್ಚ, ನೀವು ಕೊಟ್ಟದ್ದು ಡೂಪ್ಲಿಕೇಟ್, ಆಗಲೇ ಶಬ್ದ ಶುರುವಾಯ್ತು" ಅನ್ನುತ್ತಾರೆ. ಕೆಲವೊಮ್ಮೆ ಬೇರಿಂಗ್ ನಿಜವಾಗಿಯೂ ಡೂಪ್ಲಿಕೇಟ್ ಇರಬಹುದು. ಆದರೆ ಎಷ್ಟೋ ಸಲ ತಪ್ಪು ಇರುವುದು ಬೇರಿಂಗಿನಲ್ಲಿ ಅಲ್ಲ, ಅದು ಕೂರುವ ಶಾಫ್ಟಿನಲ್ಲಿ. ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ, ಲೇತ್‌ನಲ್ಲಿ ಟರ್ನ್ ಮಾಡಿ ಕೊಟ್ಟಿರುತ್ತಾರೆ. ವರ್ನಿಯರ್ ಹಿಡಿದು ನೋಡಿದರೆ ಅಳತೆ ಸರಿಯಾಗಿಯೇ ಉಂಟು. ಆದರೆ ಒಂದು ಕಡೆಯ ಸೀಟ್ ಇನ್ನೊಂದು ಕಡೆಯ ಸೀಟಿನ ಸೆಂಟರಿಗೆ ಇಲ್ಲ. ಶಾಫ್ಟ್ ಓರೆಯಾಗಿ ತಿರುಗುತ್ತದೆ, ಪುಲ್ಲಿ ಒದರುತ್ತದೆ, ಆ ಒದರಾಟ ಬೇರಿಂಗ್ ಅನ್ನು ತಿಂದು ಹಾಕುತ್ತದೆ.

ಇದು ಅಂಗಡಿಯವನ ತಲೆನೋವು ಮಾತ್ರ ಅಲ್ಲ. ನಮ್ಮ ಹುಡುಗರಲ್ಲಿ ಐಟಿಐ ಮುಗಿಸಿದವರು, ಗಲ್ಫ್‌ನ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡಿ ಊರಿಗೆ ಬಂದವರು ಈಗ ಮನೆಯ ಹಿಂದೆ ಶೀಟ್ ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಲೇತ್ ಇಟ್ಟುಕೊಳ್ಳುವ ಯೋಚನೆ ಮಾಡ್ತಿದ್ದಾರೆ. ಕೆಲಸಕ್ಕೆ ಕೊರತೆ ಇಲ್ಲ. ಸ್ಪ್ರೇ ಪಂಪ್, ಅಡಿಕೆ ಸುಲಿಯುವ ಮೆಷಿನ್, ರಬ್ಬರ್ ಶೀಟ್ ಒತ್ತುವ ರೋಲರ್, ಕೆಂಪುಕಲ್ಲು ಕೊಯ್ಯುವ ಮೆಷಿನ್, ಎಲ್ಲದಕ್ಕೂ ಶಾಫ್ಟ್ ಮತ್ತು ಬೇರಿಂಗ್ ಉಂಟು. ಆದರೆ ಎರಡು ಸಲ ಕೆಲಸ ವಾಪಸ್ ಬಂದರೆ ಮೂರನೇ ಸಲ ಗಿರಾಕಿ ಪುತ್ತೂರಿಗೋ ಕಾಸರಗೋಡಿಗೋ ಹೋಗ್ತಾನೆ. ಆ ಗಿರಾಕಿಯನ್ನು ಉಳಿಸುವ ಸಾಮಾನು ಡಯಲ್ ಇಂಡಿಕೇಟರ್. ನಾನು ಓದಿದ್ದು ಬಿ.ಕಾಂ., ಲೇತ್ ಮುಂದೆ ನಿಲ್ಲುವವನಲ್ಲ. ಆದರೆ ಇದನ್ನು ತರಿಸಿಕೊಡಿ ಎಂದು ಕೇಳುವವರಿಗಾಗಿ ವಿಚಾರಿಸಿ, ಕೈಯಲ್ಲಿ ಹಿಡಿದು, ಕೆಲಸ ಗೊತ್ತಿದ್ದವರ ಹತ್ತಿರ ಕೂತು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯ. ಡಯಲ್ ಇಂಡಿಕೇಟರ್ ಸೈಜ್ ಅಳೆಯುವ ಸಾಮಾನು ಅಲ್ಲ. 20 ಮಿ.ಮೀ. ಶಾಫ್ಟ್ 20 ಉಂಟೋ ಇಲ್ಲವೋ ಎಂದು ಹೇಳಬೇಕಾದದ್ದು ಮೈಕ್ರೋಮೀಟರ್. ಡಯಲ್ ಹೇಳುವುದು ವ್ಯತ್ಯಾಸವನ್ನು: ಇಲ್ಲಿಗೂ ಅಲ್ಲಿಗೂ ಎಷ್ಟು ಏರುತಗ್ಗು, ತಿರುಗಿಸಿದರೆ ಎಷ್ಟು ಔಟ್. ಆದ್ದರಿಂದ ಕೈಯಲ್ಲಿ ಮೈಕ್ರೋಮೀಟರ್ ಇಲ್ಲದವರು ಮೊದಲು ಅದನ್ನು ತಗೊಳ್ಳಿ.

ಡಯಲ್‌ನಲ್ಲಿ ಎರಡು ಜಾತಿ. ಒಂದು ಪ್ಲಂಜರ್ ಡಯಲ್. ಕೆಳಗೆ ಕಡ್ಡಿಯಂತೆ ಒಂದು ಪಿನ್ ನೇರ ಒಳಗೆ ಹೊರಗೆ ಹೋಗುತ್ತದೆ, ಸಾಮಾನ್ಯವಾಗಿ 10 ಮಿ.ಮೀ. ಓಡುತ್ತದೆ, ಒಂದು ಗೆರೆಗೆ 0.01 ಮಿ.ಮೀ. ಅಮೆರಿಕದ ವಾಲ್ತಮ್ ಎಂಬ ಊರಿನ ಜಾನ್ ಲೋಗನ್ 1883ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಗೇಜ್ ಇದರ ಹಿರಿಯಜ್ಜ. ವಾಲ್ತಮ್ ವಾಚ್ ತಯಾರಿಕೆಗೆ ಹೆಸರಾದ ಊರು. ಡಯಲ್ ಒಳಗಿರುವ ಹಲ್ಲುಚಕ್ರಗಳನ್ನು ನೋಡಿದರೆ ಅದು ವಾಚಿನ ನೆಂಟ ಎಂದು ಗೊತ್ತಾಗ್ತದೆ. ಇನ್ನೊಂದು ಜಾತಿ ಲಿವರ್ ಡಯಲ್, ಅಂದರೆ ಡಯಲ್ ಟೆಸ್ಟ್ ಇಂಡಿಕೇಟರ್. ಕೆಲವು ಅಂಗಡಿಗಳಲ್ಲಿ 'ಪಪ್ಪಿ ಡಯಲ್' ಎಂದರೇ ಬೇಗ ಕೊಡ್ತಾರೆ. ಇದರಲ್ಲಿ ಪಿನ್ ಬದಲು ತುದಿಯಲ್ಲಿ ಸಣ್ಣ ಗುಂಡು ಇರುವ ಒಂದು ಲಿವರ್, ಅದಕ್ಕೆ ಸ್ಟೈಲಸ್ ಎನ್ನುತ್ತಾರೆ. ಅದು ಅತ್ತಿತ್ತ ಆಡುತ್ತದೆ. ಓಡುವುದು ಒಂದು ಮಿ.ಮೀ.ಗಿಂತಲೂ ಕಡಿಮೆ. ಆದರೆ ಪ್ಲಂಜರ್ ತಲುಪದ ಕಡೆ ಇದು ತಲುಪುತ್ತದೆ: ಪುಲ್ಲಿಯ ತೂತಿನ ಒಳಗೆ, ಬೇರಿಂಗ್ ಹೌಸಿಂಗ್‌ನ ಒಳ ಅಂಚಿಗೆ, ಚಕ್ ಮತ್ತು ಟೂಲ್ ಪೋಸ್ಟ್ ನಡುವಿನ ಇಕ್ಕಟ್ಟಿಗೆ. ಒತ್ತಡವೂ ತುಂಬಾ ಹಗುರ.

ಬರೀ ಲೇತ್ ಇದ್ದು, ಹೊರಮೈ ನೋಡುವ ಕೆಲಸ ಮಾತ್ರ ಇದ್ದರೆ ಒಂದು ಪ್ಲಂಜರ್ ಡಯಲ್ ಸಾಕು, ಪೆಟ್ಟನ್ನೂ ಸ್ವಲ್ಪ ತಡೆಯುತ್ತದೆ. ಹೌಸಿಂಗ್, ಪುಲ್ಲಿ, ಬುಷ್ ಎಂದು ಒಳಮೈ ಕೆಲಸ ಬಂದಾಗ, ಮಿಲ್ಲಿಂಗ್ ಮೆಷಿನ್‌ನ ವೈಸ್ ನೇರ ಕೂರಿಸಬೇಕಾದಾಗ ಲಿವರ್ ಡಯಲ್ ಇಲ್ಲದೆ ಆಗುವುದಿಲ್ಲ. ನಮ್ಮ ಕಡೆಯ ರಿಪೇರಿ ಕೆಲಸದಲ್ಲಿ ಇವು ಬೇಗನೆ ಬರುತ್ತವೆ.

ಲಿವರ್ ಡಯಲ್‌ನಲ್ಲಿ ಯಾವುದು ಎಂಬಲ್ಲಿಯೇ ಹೆಚ್ಚಿನವರು ದುಡ್ಡು ಹಾಳು ಮಾಡ್ತಾರೆ. ಸಾಮಾನ್ಯವಾಗಿ ಸಿಗುವುದು ಮೂರು ತರ. ಒಂದು ಗೆರೆಗೆ 0.01 ಮಿ.ಮೀ. ಇರುವುದು, ಇದರ ಓಟ ಸುಮಾರು 0.8 ಮಿ.ಮೀ. ಒಂದು ಗೆರೆಗೆ 0.002 ಇರುವುದು, ಓಟ ಸುಮಾರು 0.2. ಮತ್ತೆ 0.001, ಅಂದರೆ ಗೆರೆಗೆ ಒಂದು ಮೈಕ್ರಾನ್, ಓಟ 0.14ರ ಆಸುಪಾಸು. ಮೊಬೈಲ್ ಕ್ಯಾಮೆರಾ ತಗೊಳ್ಳುವ ಲೆಕ್ಕದಲ್ಲಿ ಸಣ್ಣ ಗೆರೆ ಇದ್ದಷ್ಟು ಒಳ್ಳೆಯದು ಎಂದು ತಿಳಿದು ಮೂರನೆಯದ್ದನ್ನು ಕೇಳುವವರಿದ್ದಾರೆ. ಮನೆ ಶೆಡ್‌ಗೆ ಅದು ಬೇಡ.

ಯಾಕೆಂದರೆ ಲೆಕ್ಕ ಹೀಗುಂಟು. ಜೆರಾಕ್ಸ್ ಅಂಗಡಿಯ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಸವೆದ ಮೂರು ಜಾ ಚಕ್‌ನಲ್ಲಿ ಒಂದು ಶಾಫ್ಟ್ ಹಿಡಿದರೆ ಅಷ್ಟು ಔಟ್ ಬರುವುದು ದೊಡ್ಡ ಮಾತೇ ಅಲ್ಲ. 0.14 ಓಟದ ಡಯಲ್ ಇಟ್ಟರೆ ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಬಿಡುತ್ತದೆ, ಯಾವ ಜಾ ಬಿಗಿ ಮಾಡಬೇಕು ಎಂದೇ ಗೊತ್ತಾಗುವುದಿಲ್ಲ. ಇನ್ನು ಹಳೆ ಲೇತ್‌ನ ಸ್ಪಿಂಡಲ್ ಬೇರಿಂಗ್ ತಾನೇ ಒಂದೆರಡು ಗೆರೆ ಆಡುತ್ತಿರುತ್ತದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈ ಬದಲಾಗುತ್ತಿವೆ. ಗಟ್ಟಿ ಮೆಷಿನ್, ಎರಡು ಮಾತಿಲ್ಲ, ಆದರೆ ದಶಕಗಳ ಕೆಲಸ ಮಾಡಿದ ಮೆಷಿನ್‌ನಲ್ಲಿ ಒಂದು ಮೈಕ್ರಾನ್ ಹುಡುಕುವುದು ಕೆಂಪುಮಣ್ಣಿನ ರಸ್ತೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಪಂಪಿನಲ್ಲಿ ಬರುವ 6204 ಬೇರಿಂಗ್‌ನ ಒಳಗೆ ಗುಂಡು ಮತ್ತು ರಿಂಗ್ ನಡುವೆ ತಯಾರಕರೇ ಬಿಟ್ಟಿರುವ ಸಡಿಲ 5ರಿಂದ 20 ಮೈಕ್ರಾನ್. ರಿಪೇರಿ ಶಾಫ್ಟಿನ ಎರಡು ಸೀಟುಗಳನ್ನು 10, 20 ಮೈಕ್ರಾನ್ ಒಳಗೆ ಒಂದೇ ಸೆಂಟರಿಗೆ ತಂದರೆ ಗಿರಾಕಿ ವಾಪಸ್ ಬರುವುದಿಲ್ಲ. ಅದನ್ನು ನೋಡಲು 0.01 ಗೆರೆಯ ಡಯಲ್ ಧಾರಾಳ ಸಾಕು. ಎರಡು ಗೆರೆಯ ನಡುವೆ ಮುಳ್ಳು ನಿಂತರೆ ಅರ್ಧ ಎಂದು ಕಣ್ಣಿಗೇ ಗೊತ್ತಾಗ್ತದೆ.

ಉಳಿದ ದುಡ್ಡನ್ನು ಸ್ಟ್ಯಾಂಡ್‌ಗೆ ಹಾಕಿ. ಈ ಮಾತು ಎಷ್ಟು ಹೇಳಿದರೂ ಕೇಳುವವರು ಕಡಿಮೆ. ಒಳ್ಳೆ ಜಪಾನ್ ಡಯಲ್ ತಂದು, ಅದನ್ನು ಸಡಿಲ ಗಂಟಿನ ಅಗ್ಗದ ಮ್ಯಾಗ್ನೆಟಿಕ್ ಸ್ಟ್ಯಾಂಡ್‌ನಲ್ಲಿ ಸಿಕ್ಕಿಸಿದರೆ ಮುಳ್ಳು ಅಳೆಯುವುದು ಶಾಫ್ಟನ್ನಲ್ಲ, ಸ್ಟ್ಯಾಂಡಿನ ಅಲುಗಾಟವನ್ನು. ಅಂಗಡಿಯಲ್ಲೇ ನೋಡಬಹುದು. ಸ್ಟ್ಯಾಂಡನ್ನು ಕಬ್ಬಿಣದ ಮೇಲೆ ಆನ್ ಮಾಡಿ, ಡಯಲ್ ಕಟ್ಟಿ, ಸ್ಟೈಲಸ್ ತಾಗಿಸಿ, ತೋಳನ್ನು ಬೆರಳಿನಿಂದ ಮೆಲ್ಲ ಒತ್ತಿ ಬಿಡಿ. ಮುಳ್ಳು ಮೊದಲಿನ ಗೆರೆಗೇ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಆ ಸ್ಟ್ಯಾಂಡ್ ಬೇಡ. ತೋಳು ಗಿಡ್ಡ ಇದ್ದಷ್ಟು, ಗಂಟುಗಳು ಕಡಿಮೆ ಇದ್ದಷ್ಟು ಒಳ್ಳೆಯದು. ಮುಳ್ಳನ್ನು ಸೊನ್ನೆಗೆ ತರಲು ಒಂದು ಸಣ್ಣ ಸ್ಕ್ರೂ, ಅಂದರೆ ಫೈನ್ ಅಡ್ಜಸ್ಟ್ ಇರುವುದನ್ನೇ ನೋಡಿ, ಇಲ್ಲದಿದ್ದರೆ ಬಡಿದು ಬಡಿದು ಸೊನ್ನೆ ಮಾಡುವುದರಲ್ಲೇ ಬೆಳಗ್ಗಿನ ಹೊತ್ತು ಹೋಗುತ್ತದೆ.

ಡಯಲ್ ಬಳಸುವಾಗ ಎರಡು ಲೆಕ್ಕ ತಲೆಯಲ್ಲಿರಲಿ. ಒಂದನೆಯದ್ದು ಅರ್ಧದ ಲೆಕ್ಕ. ನಾಲ್ಕು ಜಾ ಚಕ್‌ನಲ್ಲಿ ಶಾಫ್ಟ್ ಹಿಡಿದು ಕೈಯಲ್ಲಿ ತಿರುಗಿಸಿದಾಗ ಮುಳ್ಳು ಒಂದು ಕಡೆ 0 ತೋರಿಸಿ, ಎದುರು ಕಡೆ 20 ಗೆರೆ, ಅಂದರೆ 0.20 ತೋರಿಸಿತು ಎನ್ನಿ. ಶಾಫ್ಟ್ ಸೆಂಟರ್ ಬಿಟ್ಟು ಹೋಗಿರುವುದು 0.20 ಅಲ್ಲ, ಅದರ ಅರ್ಧ, 0.10. ಹಾಗಾಗಿ ಮುಳ್ಳು 10 ಗೆರೆ ಹಿಂದೆ ಬರುವಷ್ಟು ಮಾತ್ರ ಜಾ ಸರಿಸಬೇಕು. ಇದು ಗೊತ್ತಿಲ್ಲದೆ ಪೂರ್ತಿ 20 ಸರಿಸುವವರ ಮುಳ್ಳು ಆ ಕಡೆಗೆ ಅಷ್ಟೇ ಔಟ್ ತೋರಿಸುತ್ತದೆ, ಮತ್ತೆ ಈ ಕಡೆಗೆ, ಹೀಗೆ ಅರ್ಧ ಗಂಟೆ. ಲೆಕ್ಕ ಗೊತ್ತಿದ್ದವರಿಗೆ ನಾಲ್ಕೈದು ನಿಮಿಷದ ಕೆಲಸ. ಶಾಫ್ಟಿನ ಒಂದು ಸೀಟ್ ಟರ್ನ್ ಮಾಡಿ, ತಿರುಗಿಸಿ ಹಿಡಿದು ಇನ್ನೊಂದನ್ನು ಟರ್ನ್ ಮಾಡುವಾಗಲೇ ಸೆಂಟರ್ ತಪ್ಪುವುದು. ಆಗ ಮೂರು ಜಾ ಚಕ್ ನಂಬಬಾರದು, ನಾಲ್ಕು ಜಾ ಮತ್ತು ಡಯಲ್ ಬೇಕು. ಎರಡು ಸೆಂಟರ್ ನಡುವೆ ಹಿಡಿದು ಮಾಡುವುದು ಇನ್ನೂ ಉತ್ತಮ, ಆದರೆ ಅಲ್ಲಿ ಟೇಲ್ ಸ್ಟಾಕ್ ನೇರ ಇದೆಯೋ ಎಂದು ನೋಡುವುದಕ್ಕೂ ಡಯಲ್ಲೇ ಬೇಕಲ್ಲ!

ಎರಡನೆಯದ್ದು ಓರೆಯ ಲೆಕ್ಕ. ಲಿವರ್ ಡಯಲ್‌ನ ಸ್ಟೈಲಸ್ ಕೆಲಸದ ಮೈಗೆ ಆದಷ್ಟು ಸಮಾನಾಂತರವಾಗಿ ಮಲಗಿರಬೇಕು. ಎಬ್ಬಿಸಿ ಇಟ್ಟಷ್ಟು ಮುಳ್ಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. 10 ಡಿಗ್ರಿ ಓರೆಗೆ ತಪ್ಪು ನೂರಕ್ಕೆ ಎರಡರಷ್ಟೂ ಇಲ್ಲ. 30 ಡಿಗ್ರಿಗೆ ಮುಳ್ಳು 0.10 ತೋರಿಸಿದರೆ ನಿಜ 0.087. 60 ಡಿಗ್ರಿಗೆ ನಿಜ ಬರೀ 0.05. ಸ್ವಿಸ್ ಇಂಟರಾಪಿಡ್‌ನಂಥ ಕೆಲವು ಡಯಲ್‌ಗಳನ್ನು ಸುಮಾರು 12 ಡಿಗ್ರಿ ಓರೆಯಲ್ಲಿ ಸರಿ ತೋರಿಸುವಂತೆಯೇ ಮಾಡಿರುತ್ತಾರೆ, ಅದು ಬೇರೆ. ಆದರೆ ಇದಕ್ಕೆ ಹೆದರಬೇಕಾಗಿಲ್ಲ. ಚಕ್‌ನಲ್ಲಿ ಸೆಂಟರ್ ಮಾಡುವಾಗ ನಮಗೆ ಬೇಕಾದ್ದು ಮುಳ್ಳು ಅಲ್ಲಾಡದೆ ನಿಲ್ಲುವುದು. ಸೊನ್ನೆಗೆ ಯಾವ ಓರೆಯಲ್ಲೂ ಸೊನ್ನೆಯೇ. "ಇಷ್ಟು ಪಾಯಿಂಟ್ ಔಟ್ ಉಂಟು" ಎಂದು ಅಂಕೆ ಹೇಳಬೇಕಾದಾಗ ಮಾತ್ರ ಈ ಲೆಕ್ಕ ಮುಖ್ಯ.

ಸ್ಟೈಲಸ್ ಬಗ್ಗೆ ಇನ್ನೊಂದು. ಅದು ಮುರಿದರೆ ಅದೇ ಉದ್ದದ್ದನ್ನೇ ಹಾಕಬೇಕು. ಉದ್ದದ್ದು ಸಿಕ್ಕಿತೆಂದು ಹಾಕಿದರೆ ಡಯಲ್ ಕಡಿಮೆ ತೋರಿಸುತ್ತದೆ, ಎರಡು ಪಟ್ಟು ಉದ್ದವಾದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಿಡಿ ಸ್ಟೈಲಸ್ ಸಿಗುವ ಕಂಪೆನಿಯದ್ದನ್ನೇ ತಗೊಳ್ಳಿ ಎನ್ನುವುದು ಇದಕ್ಕೆ. ಜಪಾನಿನ ಮಿಟುಟೊಯೊ (1934ರ ಕಂಪೆನಿ), ನಮ್ಮ ಪುಣೆಯ ಬೇಕರ್, ಇವೆರಡಕ್ಕೂ ಬಿಡಿಭಾಗ, ರಿಪೇರಿ ಎರಡೂ ಭಾರತದಲ್ಲಿ ಉಂಟು. ಸ್ವಿಸ್ ಟೆಸಾ, ಇಂಟರಾಪಿಡ್ ಬಹಳ ಚೆನ್ನಾದ ಸಾಮಾನು, ಆದರೆ ಮದ್ದು ಪಂಪಿನ ಶಾಫ್ಟ್ ಆ ದುಡ್ಡನ್ನು ತಿರುಗಿ ಕೊಡುವುದಿಲ್ಲ. ಹೆಸರಿಲ್ಲದ ಅಗ್ಗದ್ದರಲ್ಲೂ ಕೆಲವು ಸರಿಯಾಗಿಯೇ ಕೆಲಸ ಮಾಡ್ತವೆ. ಆದರೆ ಕೈಯಲ್ಲಿ ಹಿಡಿದು ನೋಡಿ ಆರಿಸುವಂತಿದ್ದರೆ ಮಾತ್ರ ತಗೊಳ್ಳಿ, ಆನ್‌ಲೈನ್‌ನಲ್ಲಿ ಫೋಟೋ ನೋಡಿ ಬೇಡ. ದೊಡ್ಡ ಹೆಸರಿನ ನಕಲಿಯೂ ಓಡಾಡುತ್ತಿದೆ, ಬೆಲೆ ಅರ್ಧಕ್ಕಿಂತ ಕಡಿಮೆ ಎಂದರೆ ಅನುಮಾನ ಪಡಿ.

ಹಿಡಿದು ನೋಡುವುದು ಹೇಗೆ? ಸ್ಟೈಲಸನ್ನು ಉಗುರಿನಲ್ಲಿ ಮೆಲ್ಲ ತಳ್ಳಿ ಬಿಡಿ, ಮುಳ್ಳು ಎಲ್ಲೂ ತಡೆಯದೆ ಹೋಗಿ ಬರಬೇಕು. ಸ್ಟ್ಯಾಂಡಿಗೆ ಕಟ್ಟಿ, ಒಂದು ಚಪ್ಪಟೆ ಕಬ್ಬಿಣದ ಮೇಲೆ ಸೊನ್ನೆ ಮಾಡಿ, ಅಡಿಯಲ್ಲಿ ಫೀಲರ್ ಗೇಜಿನ 0.10ರ ಎಲೆ ತೂರಿಸಿ: 10 ಗೆರೆ ಬರಬೇಕು, ತೆಗೆದರೆ ಸೊನ್ನೆಗೆ ಬರಬೇಕು. ಹತ್ತು ಸಲ ಹೀಗೆ ಮಾಡಿ. ಅಂಕೆ ಒಂದು ಗೆರೆ ಹೆಚ್ಚುಕಡಿಮೆ ಆದರೂ ಕೆಲಸ ನಡೆದೀತು, ಆದರೆ ಸೊನ್ನೆಗೆ ವಾಪಸ್ ಬಾರದ ಡಯಲ್ ಮಾತ್ರ ಬೇಡವೇ ಬೇಡ. ಮುಖದ ಅಂಕೆಗಳು ಸೊನ್ನೆಯಿಂದ ಎರಡೂ ಕಡೆಗೆ ಏರುವ ತರ, 0-40-0 ಎಂದು ಇರಲಿ, ಸೆಂಟರ್ ಮಾಡುವಾಗ ಎಡ ಬಲ ಸುಲಭ. ಹಿಡಿಯುವ ಕಡ್ಡಿ 8 ಮಿ.ಮೀ. ಇದ್ದರೆ ಇಲ್ಲಿ ಸಿಗುವ ಸ್ಟ್ಯಾಂಡಿಗೆ ಸರಿಯಾಗಿ ಕೂರುತ್ತದೆ.

ಗಲ್ಫ್‌ನಿಂದ ಬರುವವರ ಕೈಯಲ್ಲಿ ತರಿಸುವವರು ಒಂದು ನೋಡಿಕೊಳ್ಳಿ. ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂಚಿನ ಡಯಲ್‌ಗಳೂ ಇರುತ್ತವೆ. ಮುಖದ ಮೇಲೆ 0.0005 ಇಂಚು ಎಂದಿದ್ದರೆ ಒಂದು ಗೆರೆಗೆ ಸುಮಾರು 0.0127 ಮಿ.ಮೀ. ಹಾಳಾದ ಸಾಮಾನಲ್ಲ, ಆದರೆ ಒಂದೊಂದು ಸಲವೂ ಲೆಕ್ಕ ಮಾಡಬೇಕು. ಸ್ಟ್ಯಾಂಡನ್ನು ಅಲ್ಲಿಂದ ತರಿಸಬೇಡಿ, ಲಗೇಜ್ ತೂಕ ಸುಮ್ಮನೆ. ಜಿಎಸ್‌ಟಿ ನಂಬರ್ ಇದ್ದವರು ಮಂಗಳೂರಿನಿಂದಲೋ ಬೆಂಗಳೂರಿನ ಪೀಣ್ಯ ಕಡೆಯಿಂದಲೋ ತರಿಸುವಾಗ ನಿಮ್ಮ ನಂಬರ್ ಹಾಕಿಸಿ ಬಿಲ್ ತಗೊಳ್ಳಿ. ಬೇರೆ ರಾಜ್ಯವಾದ್ದರಿಂದ ಐಜಿಎಸ್‌ಟಿ ಬೀಳುತ್ತದೆ, ಅದು ನಿಮಗೆ ಕ್ರೆಡಿಟ್ ಸಿಗುತ್ತದೆ. ಬಿಲ್ ಇಲ್ಲದೆ ಇನ್ನೂರು ರೂಪಾಯಿ ಉಳಿಸಿ, ವಾರಂಟಿ ಮತ್ತು ಕ್ರೆಡಿಟ್ ಎರಡೂ ಬಿಡುವುದು ವ್ಯಾಪಾರ ಅಲ್ಲ.

ತಂದ ಮೇಲೆ ನಮ್ಮ ಊರಿನ ಮಳೆಗೂ ಕೆಂಪು ಧೂಳಿಗೂ ಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಲಸ ಮುಗಿದ ಕೂಡಲೇ ಒರೆಸಿ ಡಬ್ಬಿಗೆ ಹಾಕಿ, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರುವುದೇ ಆದೀತು. ಮುಳ್ಳು ಬಿಗಿಯಾಯಿತೆಂದು ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಹಿಡಿದು ಒಳಗಿನ ಸಣ್ಣ ಹಲ್ಲುಗಳಲ್ಲಿ ಅಂಟಾಗುತ್ತದೆ, ಆಮೇಲೆ ಬಿಚ್ಚಿ ತೊಳೆಯುವವರನ್ನು ಹುಡುಕಬೇಕು. ಮ್ಯಾಗ್ನೆಟ್‌ನ ಅಡಿಗೆ ಅಂಟಿದ ಕಬ್ಬಿಣದ ಚೂರುಗಳನ್ನು ಪ್ರತಿ ಸಲ ಒರೆಸಿ, ಒಂದು ಚೂರು ಅಡಿಯಲ್ಲಿ ಉಳಿದರೂ ಸ್ಟ್ಯಾಂಡ್ ಓಲಾಡುತ್ತದೆ. ಡಯಲ್ ತಾಗಿಸಿದ ಮೇಲೆ ಚಕ್ ಅನ್ನು ಕೈಯಲ್ಲೇ ತಿರುಗಿಸಿ. ಮೋಟಾರ್ ಸ್ವಿಚ್ ಮುಟ್ಟುವ ಮೊದಲು ಡಯಲ್ ತೆಗೆದಿಟ್ಟು, ಚಕ್ ಕೀ ಕೂಡ ಚಕ್‌ನಿಂದ ಹೊರಗೆ ಬಂದಿದೆಯೋ ನೋಡಿಕೊಳ್ಳಿ.