ಹಡಗಿನ ಔತಣಕ್ಕೆ ಗದ್ವಾಲ ಸೀರೆ

ಮಕ್ತಲ್‌ನಿಂದ ಚಿಗವ್ವ ಫೋನ್ ಮಾಡಿದ್ದಳು. ಮಗಳು, ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಈ ಬೇಸಿಗೆಗೆ ಅವಳನ್ನೂ ಕರೆಸಿಕೊಂಡು ಏಳು ರಾತ್ರಿಯ ಹಡಗು ಪ್ರವಾಸಕ್ಕೆ ಹೋಗುವ ಯೋಚನೆ ಅವರದು. ಟಿಕೆಟ್ಟಿನ ಜೊತೆ ಬಂದ ಸೂಚನೆಯಲ್ಲಿ ಎರಡು ರಾತ್ರಿ ‘ಫಾರ್ಮಲ್ ನೈಟ್’ ಎಂದು ಬರೆದಿತ್ತಂತೆ.

‘ಊಟಕ್ಕ ಕೂಡಬೇಕಂದ್ರ ಗೌನ್ ಹಾಕ್ಕೋಬೇಕಂತಪ್ಪ. ಈ ವಯಸ್ಸಿನಾಗ ನಾ ಗೌನ್ ಹಾಕ್ಕೊಂಡು ಎಲ್ಲಿ ಹೋಗ್ಲಿ? ಸೀರಿ ನಡಿಯಂಗಿಲ್ಲೇನು?’

ಹುಟ್ಟಿದಾರಭ್ಯ ಕೃಷ್ಣಾ ತೀರ ಬಿಟ್ಟು ಹೋದವಳಲ್ಲ ಚಿಗವ್ವ. ಮಕ್ತಲ್‌ನ ಒಂದು ಕಡೆ ನಾರಾಯಣಪೇಟೆ, ಇನ್ನೊಂದು ಕಡೆ ಗದ್ವಾಲ. ಸೀರೆಗೇ ಹೆಸರಾದ ಎರಡು ಊರುಗಳ ನಡುವೆ ಬದುಕಿದವಳು ‘ಸೀರಿ ನಡಿಯಂಗಿಲ್ಲೇನು’ ಎಂದು ಕೇಳಿದ್ದು ನನಗೆ ಚುಚ್ಚಿತು. ಅವಳ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಬೇಕೆಂದು ಕೂತೆ. ಸಿಕ್ಕ ಉತ್ತರ ಒಂದು ಸಾಲಿನದು: ಸೀರೆ ನಡೆಯುತ್ತದೆ, ಧೋತರವೂ ನಡೆಯುತ್ತದೆ.

ಹಡಗಿನಲ್ಲಿ ರಾತ್ರಿಯೂಟಕ್ಕೆ ಅಲಂಕರಿಸಿಕೊಂಡು ಬರುವ ಪದ್ಧತಿ ಆವಿಹಡಗಿನ ಕಾಲದ ಮೊದಲ ದರ್ಜೆಯಿಂದ ಬಂದದ್ದು. ಆಗ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಈ ಕಟ್ಟಳೆಗೆ ವಿನಾಯಿತಿ ಇತ್ತು. ಮೊದಲ ದಿನ ಪೆಟ್ಟಿಗೆ ಬಿಚ್ಚಿರುವುದಿಲ್ಲ, ಕೊನೆಯ ದಿನ ಎಲ್ಲ ಕಟ್ಟಿಟ್ಟಾಗಿರುತ್ತದೆ ಎಂಬುದು ಅದಕ್ಕೆ ಕಾರಣ. ಈಗ ಎಷ್ಟೋ ಕಂಪನಿಗಳು ನಿಯಮ ಸಡಿಲಿಸಿವೆ. ನಾರ್ವೀಜಿಯನ್ ಕಂಪನಿ 2000ದ ಹೊತ್ತಿಗೇ ‘ಫ್ರೀಸ್ಟೈಲ್’ ಎಂದು ಹೇಳಿ ಕಡ್ಡಾಯವನ್ನು ಕೈಬಿಟ್ಟಿತು. ಸೆಲೆಬ್ರಿಟಿ ಕಂಪನಿ 2015ರಲ್ಲಿ ‘ಫಾರ್ಮಲ್’ ಎಂಬ ಹೆಸರನ್ನೇ ಬದಲಿಸಿತು. ಹಳೆಯ ಶಿಸ್ತನ್ನು ಇನ್ನೂ ಹಿಡಿದುಕೊಂಡಿರುವುದು ‘ಕ್ವೀನ್ ಮೇರಿ 2’ ಹಡಗಿನ ಕುನಾರ್ಡ್ ಕಂಪನಿ. ಸಂಜೆ ಆರರ ನಂತರ ಅಲ್ಲಿ ಉಡುಪಿನ ಕಟ್ಟಳೆ ಇದೆ. ಅವರ ‘ಗಾಲಾ’ ರಾತ್ರಿಗಳಲ್ಲಿ ಗಂಡಸರು ಕಪ್ಪು ಸೂಟು, ಬೋ ಟೈ ಧರಿಸುತ್ತಾರೆ, ಹೆಂಗಸರು ಉದ್ದನೆಯ ಗೌನು ತೊಡುತ್ತಾರೆ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ತಮ್ಮ ತಮ್ಮ ದೇಶದ ಸಾಂಪ್ರದಾಯಿಕ ಉಡುಪಿಗೂ ಅಲ್ಲಿ ಅದೇ ಮರ್ಯಾದೆ. ಸ್ಕಾಟ್‌ಲೆಂಡಿನವರು ತಮ್ಮ ಕಿಲ್ಟ್ ಉಟ್ಟು ಅದೇ ಮೇಜಿಗೆ ಬರುತ್ತಾರೆ. ಎಲ್ಲಕ್ಕಿಂತ ಕಟ್ಟುನಿಟ್ಟಿನ ಕಂಪನಿಯೇ ಒಪ್ಪಿರುವುದನ್ನು ನಮ್ಮವರು ಯಾಕೆ ಸಂಶಯದಿಂದ ನೋಡಬೇಕು?

ಚಿಗವ್ವನಿಗೆ ಇದನ್ನು ಹೇಳಿದಾಗ ಅವಳು ಮತ್ತೆ ಕೇಳಿದ್ದು, ‘ಹಂಗಾದ್ರ ಯಾವ್ದು ಉಡ್ಲಿ?’

ಗದ್ವಾಲದ್ದು ಉಡಬೇಕು ಎಂದೆ. ಅದಕ್ಕೊಂದು ಕಾರಣವಿದೆ, ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ನೆಲ ಗದ್ವಾಲ. ನಿಜಾಮರ ಕೈಕೆಳಗಿನ ಸಂಸ್ಥಾನವಾಗಿದ್ದ ಈ ಊರಿಗೆ ‘ವಿದ್ವದ್ಗದ್ವಾಲ’ ಎಂಬ ಬಿರುದಿತ್ತು. ಕವಿಗಳು, ಪಂಡಿತರು ಇಲ್ಲಿಗೆ ಬಂದು ಆಸ್ಥಾನದ ಸನ್ಮಾನ ಪಡೆದು ಹೋಗುತ್ತಿದ್ದರು. ಈ ಸಂಸ್ಥಾನ ಹೋಗಿ ಎಷ್ಟೋ ವರ್ಷವಾದರೂ ಒಂದು ಪದ್ಧತಿ ಮಾತ್ರ ನಿಂತಿಲ್ಲ. ತಿರುಮಲೆಯ ಬ್ರಹ್ಮೋತ್ಸವದ ಹೊತ್ತಿಗೆ ವೆಂಕಟೇಶ್ವರನಿಗೆ ಗದ್ವಾಲದಿಂದ ಒಂದು ಜೊತೆ ಪಂಚೆ ಹೋಗಬೇಕು. ‘ಏರುವಾಡ ಜೋಡು ಪಂಚೆ’ ಎಂದು ಅದರ ಹೆಸರು. ಗದ್ವಾಲ ಕೋಟೆ ಕಟ್ಟಿಸಿದ ಸೋಮನಾದ್ರಿಯ ಕಾಲದಿಂದ ಇದು ನಡೆದು ಬಂದಿದೆ ಎನ್ನುತ್ತಾರೆ.

ಆ ಪಂಚೆಯ ಅಳತೆ ಕೇಳಿ. ಉದ್ದ 11 ಗಜ, ಅಗಲ ಎರಡೂವರೆ ಗಜದ ಹತ್ತಿರ, ಎರಡೂ ಬದಿಗೆ 15 ಅಂಗುಲದ ಅಂಚು. ಅಂಚಿನಲ್ಲಿ ಕೋಟೆಯ ತೆನೆಗಳಂತೆ ಸಾಲಾಗಿ ಮೇಲೆದ್ದ ವಿನ್ಯಾಸ. ಅದನ್ನು ‘ಕೋಟ ಕೊಮ್ಮ’ ಎಂದು ಕರೆಯುತ್ತಾರೆ. ಇದನ್ನು ನೇಯಲು ಕೂರುವವರು 41 ದಿನ ವ್ರತದಲ್ಲಿರುತ್ತಾರೆ. ಸ್ನಾನ, ಮಡಿ ಮುಗಿಯದೆ ಮಗ್ಗದ ಹತ್ತಿರ ಬರುವಂತಿಲ್ಲ. ಅಷ್ಟು ಅಗಲದ ಬಟ್ಟೆಗೆ ಒಬ್ಬನ ಕೈ ಸಾಲದು, ಲಾಳಿ ಒಬ್ಬರಿಂದ ಒಬ್ಬರಿಗೆ ದಾಟಬೇಕು. ಉತ್ಸವಕ್ಕೆ ದೇವರು ಏನು ಉಡಬೇಕೆಂಬ ನಿಯಮವನ್ನು ನೂರಾರು ವರ್ಷಗಳಿಂದ ಪಾಲಿಸಿಕೊಂಡು ಬಂದ ಊರಿದು. ಔಪಚಾರಿಕ ಉಡುಪು ಎಂದರೆ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಸೀರೆಯ ಗುಟ್ಟು ಇನ್ನೂ ಸೂಕ್ಷ್ಮ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಬೇರೆ ಜಾತಿಯ ನೂಲನ್ನು ಒಂದೇ ಸೀರೆಯಲ್ಲಿ ಕೂಡಿಸುವುದು ಹೇಗೆ? ಇಳಕಲ್ಲಿನವರಿಗೆ ಈ ಸಮಸ್ಯೆ ಗೊತ್ತು, ಅವರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಗದ್ವಾಲದಲ್ಲಿ ಕೊಂಡಿ ಬೀಳುವುದು ಅಂಚಿನ ಉದ್ದಕ್ಕೂ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಓಡುತ್ತವೆ. ಒಡಲಿನ ಹೊಕ್ಕು ಅಂಚಿನ ಗಡಿಗೆ ಬಂದಾಗ ಅಂಚಿನ ಹೊಕ್ಕಿನ ಜೊತೆ ಹೆಣೆದುಕೊಂಡು ಹಿಂದಿರುಗುತ್ತದೆ. ಪ್ರತಿ ಎಳೆಗೂ ಹೀಗೆಯೇ. ಅದಕ್ಕಾಗಿಯೇ ಒಂದು ಮಗ್ಗಕ್ಕೆ ಇಬ್ಬರು ಕೂರುತ್ತಾರೆ, ಒಂದು ಸೀರೆ ಇಳಿಯಲು ಹಲವು ದಿನ ಬೇಕು. ಚಿಗವ್ವನ ಪೆಟ್ಟಿಗೆಯಲ್ಲಿ ಅವಳ ಮದುವೆಯ ಗದ್ವಾಲ ಸೀರೆ ಇದೆ, ಹಾಲುಬಿಳುಪಿನ ಒಡಲು, ಕುಂಕುಮ ಬಣ್ಣದ ಅಂಚು. ಹೋದ ಸಲ ಹೋದಾಗ ಅದನ್ನು ಮಗುಚಿ ನೋಡಿದೆ. ಒಡಲು–ಅಂಚು ಕೂಡುವಲ್ಲಿ ಬೆರಳಾಡಿಸಿದರೆ ಕೂದಲೆಳೆಯಷ್ಟು ಉಬ್ಬು ತಾಗುತ್ತದೆ. ಅದು ಆ ಹೆಣಿಗೆಯ ಗುರುತು. ಒಡಲು ತೊಳೆದು ತೊಳೆದು ಮೆತ್ತಗಾಗಿದೆ, ಹೆಣಿಗೆ ಒಂದು ಕಡೆಯೂ ಬಿಟ್ಟಿಲ್ಲ. ಗದ್ವಾಲ ಸೀರೆಯನ್ನು ಮಡಿಚಿ ಬೆಂಕಿಪೊಟ್ಟಣದಲ್ಲಿ ಇಡಬಹುದಿತ್ತು ಎಂದು ಹಿರಿಯರು ಹೇಳುವ ಮಾತು ಆ ಮೆತ್ತನೆಯ ಬಟ್ಟೆ ಹಿಡಿದಾಗ ನೆನಪಾಯಿತು. ನಾಲ್ಕು ಸೂಟ್‌ಕೇಸ್ ಹೊತ್ತು ಹಡಗು ಹತ್ತುವವರಿಗೆ ಇದಕ್ಕಿಂತ ಹಗುರವಾದ ಔತಣದ ಉಡುಪು ಸಿಕ್ಕೀತೆ?

ನಾರಾಯಣಪೇಟೆಯ ಸೀರೆಯ ಸ್ವಭಾವ ಬೇರೆ. ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟು ಮುಂದೆ ಹೋದಾಗ ಕೆಲವು ನೇಕಾರರು ಇಲ್ಲೇ ಉಳಿದರೆಂದು ಊರಿನವರು ಹೇಳುತ್ತಾರೆ. ಸೀರೆ ನೋಡಿದರೆ ಆ ಮಾತು ನಂಬಬೇಕೆನಿಸುತ್ತದೆ, ಅಂಚಿನಲ್ಲಿ ಮರಾಠಿ ಸೀಮೆಯ ಛಾಯೆ ಇದೆ. ಒಡಲಲ್ಲಿ ಚೌಕಳಿ, ಅಂಚಿಗೆ ಗಾಢ ಬಣ್ಣ, ಅದರ ಮೇಲೆ ಗುಡಿಯ ಗೋಪುರದಂಥ ಸಣ್ಣ ಸಣ್ಣ ತೆನೆ. ಇಲ್ಲಿ ಮಗ್ಗಕ್ಕೆ ಒಮ್ಮೆಗೆ 56 ಗಜದ ಹಾಸು ಏರಿಸಿ ಎಂಟು ಸೀರೆ ನೇಯುವ ರೂಢಿ. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುವ ಈ ಪೇಟೆ 2019ರ ಫೆಬ್ರುವರಿಯಲ್ಲಿ ಜಿಲ್ಲಾ ಕೇಂದ್ರವಾಯಿತು. ಹಡಗಿನಲ್ಲಿ ಹಗಲು ಹೊತ್ತು ಉಡಲು, ಬಂದರಿನಲ್ಲಿ ಇಳಿದು ಓಡಾಡಲು ನಾರಾಯಣಪೇಟೆಯ ಹತ್ತಿಯ ಸೀರೆ ತಕ್ಕದ್ದು.

ಮೇಲಿನವರು ಹೇಳಿದ ಉಡುಪು ತೊಡಬೇಕೆಂಬ ಕಟ್ಟಳೆ ಈ ಸೀಮೆಗೆ ಹೊಸದಲ್ಲ. ನಿಜಾಮರ ದರ್ಬಾರಿಗೆ ಹೋಗಬೇಕಾದವರು ಶೇರವಾನಿ ತೊಟ್ಟು, ತಲೆಗೆ ದಸ್ತಾರ್, ಸೊಂಟಕ್ಕೆ ಬಗಲೂಸ್ ಕಟ್ಟಲೇಬೇಕಿತ್ತು. ಆದರೆ ಮದುವೆ ಮನೆಗೆ, ಜಾತ್ರೆಗೆ, ಆಯೇರಿಗೆ ಅದೇ ಜನ ಧೋತರ, ರುಮಾಲಿನಲ್ಲೇ ಬಂದರು. ದರ್ಬಾರಿನ ಉಡುಪು ದರ್ಬಾರಿನ ಜೊತೆ ಹೋಯಿತು, ಧೋತರ ಉಳಿಯಿತು.

ಹಡಗಿಗೂ ಧೋತರಕ್ಕೂ ಸಂಬಂಧಿಸಿದ ದೊಡ್ಡ ಘಟನೆ ಗಾಂಧೀಜಿಯವರದು. 1921ರಲ್ಲಿ ಮದುರೆಯಲ್ಲಿ ತುಂಡು ಪಂಚೆ ಉಟ್ಟವರು ಮತ್ತೆ ಬದಲಿಸಲಿಲ್ಲ. 1931ರ ಆಗಸ್ಟ್ 29ರಂದು ಮುಂಬೈಯಲ್ಲಿ ‘ರಜಪೂತಾನಾ’ ಹಡಗು ಹತ್ತಿದಾಗಲೂ ಅದೇ, ನವೆಂಬರಿನಲ್ಲಿ ಬಕಿಂಗ್‌ಹ್ಯಾಂ ಅರಮನೆಯಲ್ಲಿ ದೊರೆ ಐದನೇ ಜಾರ್ಜ್‌ನನ್ನು ಕಂಡಾಗಲೂ ಅದೇ. ಅರಮನೆ ಬಾಗಿಲು ತೆರೆಯಿತು.

ಬಾಗಿಲು ಮುಚ್ಚಿದ್ದು ನಮ್ಮಲ್ಲೇ. 2014ರ ಜುಲೈಯಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದು ವೇಷ್ಟಿ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿ ಡಿ. ಹರಿಪರಂತಾಮನ್ ಅವರನ್ನು ಒಳಗೆ ಬಿಡಲಿಲ್ಲ. ತಮಿಳುನಾಡು ಸರ್ಕಾರ ಅದೇ ವರ್ಷ ಇಂಥ ನಿರ್ಬಂಧವನ್ನು ನಿಷೇಧಿಸುವ ಕಾನೂನು ತಂದಿತು. ಹತ್ತು ವರ್ಷದ ನಂತರ, 2024ರ ಜುಲೈಯಲ್ಲಿ, ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರ ಬಾಗಿಲಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಿರಿಯರು ಅವರು. ವಿಷಯ ವಿಧಾನಸಭೆಗೆ ಹೋಯಿತು, ಮಾಲ್ ಏಳು ದಿನ ಮುಚ್ಚಬೇಕಾಯಿತು. ಅಟ್ಲಾಂಟಿಕ್ ದಾಟುವ ಹಡಗಿನ ಊಟದ ಮೇಜಿಗೆ ಸಲ್ಲುವ ಉಡುಪು ನಮ್ಮದೇ ಊರಿನ ಸಿನಿಮಾ ಮಂದಿರಕ್ಕೆ ಸಲ್ಲದೆ ಹೋದದ್ದು ನಾಚಿಕೆಯ ಸಂಗತಿ. ಚಿಗವ್ವನ ಪ್ರಶ್ನೆ ಹುಟ್ಟಿದ್ದು ಇಂಥ ಬಾಗಿಲುಗಳಿಂದಲೇ ಹೊರತು ಹಡಗಿನ ಸೂಚನೆಯಿಂದಲ್ಲ ಎಂದು ನನಗನಿಸುತ್ತದೆ.

ಈಗ ಹಡಗು ಪ್ರವಾಸ ಶ್ರೀಮಂತರಿಗಷ್ಟೇ ಸೇರಿದ್ದಲ್ಲ. 2021ರಿಂದ ಮುಂಬೈನಿಂದಲೇ ಕಾರ್ಡೀಲಿಯಾ ಹಡಗು ಹೊರಡುತ್ತಿದೆ. ಮಕ್ಕಳು ಹೊರದೇಶದಲ್ಲಿರುವ ತಂದೆತಾಯಿಗಳಂತೂ ಎಷ್ಟೋ ಮಂದಿ ಹೋಗಿ ಬರುತ್ತಿದ್ದಾರೆ. ಹೊರಡುವವರಿಗೆ ನನ್ನ ಅನುಭವದ ಎರಡು ಮಾತು. ಔತಣದ ಉಡುಪಿನ ಕಟ್ಟಳೆ ಮುಖ್ಯ ಊಟದ ಕೋಣೆಗೆ. ಅಂದು ಅಲಂಕಾರ ಬೇಡವೆನಿಸಿದರೆ ಬಫೆಯಲ್ಲಿ ಸಾದಾ ಉಡುಪಿನಲ್ಲೇ ಉಣ್ಣಬಹುದು. ಗಂಡಸರು ಧೋತರ ಉಡುವುದಾದರೆ ಮೇಲೆ ಗುಂಡಿ ಹಾಕಿದ ಉದ್ದ ಕೋಟು, ಹೆಗಲಿಗೆ ಶಲ್ಯ, ಕಾಲಿಗೆ ಬೂಟು ಇರಲಿ. ಡೆಕ್ಕಿನ ಮೇಲೆ ಗಾಳಿ ಜೋರು, ಸೆರಗಿಗೆ ಪಿನ್ನು ಮರೆಯಬೇಡಿ.

ಕೊಳ್ಳುವವರಿಗೂ ಒಂದು ಮಾತು. ಗದ್ವಾಲ, ನಾರಾಯಣಪೇಟೆ ಎರಡೂ ಸೀರೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಕೈಮಗ್ಗಕ್ಕೆ ಮೀಸಲಾದ ಬಟ್ಟೆಗಳನ್ನು ಕಾಪಾಡಲು 1985ರ ಕಾನೂನೂ ಇದೆ. ಆದರೂ ಅದೇ ಅಂಚು, ಅದೇ ಚೌಕಳಿ ವಿದ್ಯುತ್ ಮಗ್ಗದಲ್ಲಿ ಇಳಿದು ಅರ್ಧ ಬೆಲೆಗೆ ಮಾರಾಟವಾಗುತ್ತಿದೆ. ಹಾಗಾಗಿ ಅಂಗಡಿಯಲ್ಲಿ ಸೀರೆ ಮಗುಚಿ ನೋಡಿ, ಅಂಚಿನ ಗಡಿಯಲ್ಲಿ ಬೆರಳಾಡಿಸಿ, ಕೈಮಗ್ಗದ ಗುರುತು ಕೇಳಿ. ಸಾಧ್ಯವಾದರೆ ಊರಿಗೇ ಹೋಗಿ ಮಗ್ಗದ ಮನೆಯಲ್ಲೇ ಕೊಳ್ಳಿ. ರಾಯಚೂರಿನಿಂದ ಗದ್ವಾಲಕ್ಕೆ ರೈಲಿದೆ.

ಚಿಗವ್ವ ಬರುವ ತಿಂಗಳು ಹೊರಡುತ್ತಾಳೆ. ಪೆಟ್ಟಿಗೆಯಲ್ಲಿ ನಾಲ್ಕು ನಾರಾಯಣಪೇಟೆ ಸೀರೆ ಇಟ್ಟುಕೊಂಡಿದ್ದಾಳೆ. ಎರಡು ಔತಣದ ರಾತ್ರಿಗಳಲ್ಲಿ ಒಂದಕ್ಕೆ ಹೊಸ ಗದ್ವಾಲ, ಇನ್ನೊಂದಕ್ಕೆ ಮದುವೆಯದು.