ಮಾತ್ರೆಯ ಲೆಕ್ಕ, ಕಂಪ್ಯೂಟರಿನ ಖರ್ಚು

ಛಂದಸ್ಸು ಕಲಿತು ಏನು ಉಪಯೋಗ ಅಂತ ಸಂಘದ ವಿಜ್ಞಾನದ ಗೆಳೆಯರು ಆಗಾಗ ಕೇಳುತ್ತಾರೆ. ಅವರಿಗಾಗಿಯೇ ಈ ಲೆಕ್ಕ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಪ್ರಸ್ತಾರ ಹಾಕಿ ನೋಡಿ: ಐದು. ಐದು ಮಾತ್ರೆಗೆ ಎಂಟು. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಮುಂದಿನದು ಸಿಗುತ್ತದೆಂದು ಗುಜರಾತಿನ ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲೇ ಹೇಳಿದ್ದರು. ಏಕೆಂದರೆ, ಗಣದ ಕೊನೆಗೆ ಲಘು ಬಂದರೆ ಉಳಿದ ಭಾಗಕ್ಕೆ ಒಂದು ಮಾತ್ರೆ ಕಡಿಮೆ. ಗುರು ಬಂದರೆ ಎರಡು ಕಡಿಮೆ. ಇಷ್ಟೇ ಗುಟ್ಟು.

ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯಲ್ಲಿ ಈ ಸೂತ್ರವನ್ನು ಇದ್ದ ಹಾಗೇ ಬರೆದರೆ ಅದೇ ಪ್ರೋಗ್ರಾಂ. 1958ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್, 1990ರಲ್ಲಿ ಬಂದ ಹ್ಯಾಸ್ಕೆಲ್ ಈ ವಂಶದ ಭಾಷೆಗಳು. ಲಿಸ್ಪ್ ಕೊಂಚ ಸಡಿಲ, ಹ್ಯಾಸ್ಕೆಲ್ ಬಲು ಕಟ್ಟುನಿಟ್ಟು. ಶಿಸ್ತು ಏನೆಂದರೆ, ಫಂಕ್ಷನ್ ತನಗೆ ಕೊಟ್ಟದ್ದನ್ನಷ್ಟೇ ನೋಡಿ ಉತ್ತರ ಹೇಳಬೇಕು; ಹೊರಗಿನ ಯಾವುದನ್ನೂ ಬದಲಿಸಬಾರದು. ಅದೇ ಪ್ರಶ್ನೆಗೆ ಎಂದೆಂದಿಗೂ ಅದೇ ಉತ್ತರ.

ಆದರೆ ಪುಕ್ಕಟೆ ಏನೂ ಸಿಗೋದಿಲ್ಲ. ಒಂದು, ಎರಡು ಮಾತ್ರೆಗಳ ಉತ್ತರವನ್ನು ಮಾತ್ರ ಮೊದಲೇ ಹೇಳಿಕೊಟ್ಟು 30 ಮಾತ್ರೆಗೆ ಕೇಳಿದರೆ, ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತ ಒಟ್ಟು 16,64,079 ಸಲ ಓಡುತ್ತದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತದಲ್ಲ, ಅದಕ್ಕೇ!

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು, ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳುವುದು. ಆಗ 30 ಉತ್ತರಗಳನ್ನು ಒಂದೊಂದು ಸಲ ಕಂಡುಹಿಡಿದರೆ ಸಾಕು. ಸಮಯ ಉಳಿಯಿತು, ಮೆಮೊರಿ ಖರ್ಚಾಯಿತು. ಮೇಲೆ ಹೇಳಿದ ಶಿಸ್ತು ಇರುವುದರಿಂದಲೇ ಹೀಗೆ ಬರೆದಿಡಲು ಧೈರ್ಯ. ಗಡಿಯಾರ ನೋಡಿ ಉತ್ತರ ಹೇಳುವ ಫಂಕ್ಷನ್ನಿನ ನಿನ್ನೆಯ ಉತ್ತರ ಇವತ್ತು ಸುಳ್ಳಾದೀತು.

ಎರಡನೆಯದು, ಕೊನೆಯ ಎರಡು ಸಂಖ್ಯೆಗಳನ್ನಷ್ಟೇ ಕೈಯಲ್ಲಿ ಹಿಡಿದು ಮುಂದೆ ಮುಂದೆ ಹೋಗುವುದು. ಸಮಯವೂ ಉಳಿಯಿತು, ಮೆಮೊರಿಯೂ ಉಳಿಯಿತು. ಆದರೆ ಲಘು-ಗುರುಗಳ ಸುಳಿವೇ ಪ್ರೋಗ್ರಾಮಿನಲ್ಲಿ ಉಳಿಯಲಿಲ್ಲ. ಓದಿದವನಿಗೆ ಇದು ಏತರ ಲೆಕ್ಕ ಅಂತ ತಿಳಿಯಬೇಕಲ್ಲ?

ನನ್ನ ಮತ ಇಷ್ಟು: ಮೊದಲು ಅರ್ಥ ಕಾಣುವಂತೆ ಬರೆಯಿರಿ. ನಿಧಾನವಾದರೆ ಬರೆದಿಡಿಸಿ. ಮೆಮೊರಿ ಸಾಲದಿದ್ದರೆ ಮಾತ್ರ ಎರಡನೆಯ ಉಪಾಯ. ಆಗಲೂ ಮೊದಲಿನ ಪ್ರೋಗ್ರಾಮನ್ನು ಹರಿದುಹಾಕಬೇಡಿ. ಸಣ್ಣ ಸಣ್ಣ ಸಂಖ್ಯೆಗಳಿಗೆ ಎರಡೂ ಒಂದೇ ಉತ್ತರ ಕೊಡುತ್ತವೆಯೇ ಅಂತ ತಾಳೆ ನೋಡಿ. ತಪ್ಪು ಉತ್ತರ ಬೇಗ ಬಂದರೆ ಯಾರಿಗೆ ಲಾಭ?